ನೇಕಾರ ಅಜ್ಜಿ ಆಡಲೊಲ್ಲದ ಮಾತು

ಗಿರಣಿ ಇನ್ನೂ ನಿಂತಿಲ್ಲ, ಗೋಡೆಯಾಚೆಯ ಅದರ ಗುಡುಗುಡು ನೆಲದೊಳಗಿಂದ ಹರಿದು ಬಂದು ಅಂಗಾಲಿಗೆ ತಾಗುತ್ತಿದೆ, ಬಿಸಿ ಹಿಟ್ಟಿನ ವಾಸನೆ, ಯಾರದೋ ಜೋಳ ಇರಬೇಕು, ಬೀಸಿ ಮುಗಿಯಲಿ, ಈ ಸದ್ದಿನಲ್ಲಿ ಮೈಕು ಹಚ್ಚಿದರೆ ಅಜ್ಜಿ ಗಿರಣಿಯೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ, ನನಗೇನು ಅವಸರವಿಲ್ಲ, ಅವಸರ ಇರುವುದು ಹುಬ್ಬಳ್ಳಿಯಲ್ಲಿ ಕೂತ ಭೀಮೇಶನಿಗೆ, ಗೇಮ್ ಮಾಡುವವನು ಅವನು, ಗೇಮಿನೊಳಗಿನ ಜನರ ಬಾಯಿಗೆ ಮಾತು ಹಾಕುವವಳು ನಾನು — ಸಂಜಿ ಒಳಗ ದನಿ ಕಳಸ್ರಿ ಅಕ್ಕಾರ, ಇಲ್ಲಾಂದ್ರ ನಾಟಕದಾಕಿ ಒಬ್ಬಾಕಿನ್ನ ಕರಸಿ ಅಜ್ಜಿ ಮಾತೆಲ್ಲಾ ಹೊಸದಾಗಿ ಹೇಳಸ್ತೀನಿ, ಆಕಿ ಮುದುಕಿ ದನಿ ಛಲೋ ತಗೀತಾಳ. ತೆಗೆಯುತ್ತಾಳಂತೆ. ಕೆಮ್ಮುತ್ತಾಳೆ, ನಡುಗುತ್ತಾಳೆ, ಪ್ರತಿ ಮಾತಿನ ಕೊನೆಗೂ ಮಗಾ ಎನ್ನುತ್ತಾಳೆ, ನನಗೆ ಗೊತ್ತಿಲ್ಲವೇ. ಆಟದೊಳಗಿನ ನನ್ನ ನೇಕಾರ ಅಜ್ಜಿಗೆ ನಮ್ಮ ಓಣಿಯ ಮರಿಯಮಬಿ ಚಾಚಿಯ ದನಿಯೇ ಆಗಬೇಕು, ಒಣಗಿದ ದನಿ, ಕೈಗೆ ಕೆಲಸ ಇರುವವರ ದನಿ, ಅರ್ಧ ಗಮನ ದಾರದ ಮೇಲೆ ಇಟ್ಟುಕೊಂಡು ಉಳಿದರ್ಧದಲ್ಲಿ ಜಗತ್ತಿಗೆ ಉತ್ತರ ಕೊಡುವ ದನಿ. ಅಗೋ ಕೂತಿದ್ದಾಳೆ, ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ, ಹಲಗೆಯ ಮೇಲೆ, ಬೆನ್ನು ನನ್ನ ಕಡೆ, ಹಲ್ಲಿನ ಪಂಜಾದಿಂದ ದಾರ ಕೆಳಗೆ ಬಡಿಯುತ್ತ, ಟಪ್ ಟಪ್, ನನ್ನ ಮೇಲೆ ಸಿಟ್ಟೇನಿಲ್ಲ, ಈಗಷ್ಟೇ ಚಹಾ ಕೊಟ್ಟಳು, ಬೆಳಿಗ್ಗೆಯಿಂದ ನಾನು ಓದಿ ಹೇಳಿದ್ದನ್ನೆಲ್ಲ ತಿರುಗಿ ಹೇಳಿದಳು, ನಗುವಲ್ಲಿ ನಕ್ಕಳು, ಬೈಯುವಲ್ಲಿ ನಾನು ಬರೆದದ್ದಕ್ಕಿಂತ ಒಂದು ಕೈ ಹೆಚ್ಚೇ ಬೈದಳು. ಒಂದೇ ಒಂದು ಮಾತು ಮಾತ್ರ ಆಡುವುದಿಲ್ಲ ಎಂದು ಕೂತಿದ್ದಾಳೆ.

ಗೇಮಿಗೆ ಮಾತು ಬರೆಯುತ್ತೇನೆ ಎಂದರೆ ನವಲಗುಂದದಲ್ಲಿ ಯಾರಿಗೆ ಏನು ತಿಳಿಯಬೇಕು, ನಮ್ಮಪ್ಪ ಶಂಭುಲಿಂಗಪ್ಪನಿಗೇ ತಿಳಿದಿರಲಿಲ್ಲ, ಆಟ ಆಡಾವ್ರು ಗುಂಡ ಹೊಡೀತಾರ, ಅವರಿಗ್ಯಾಕ ಬೇ ಮಾತು. ಈ ಆಟದಲ್ಲಿ ಗುಂಡಿಲ್ಲಪ್ಪಾ, ಒಬ್ಬ ಸಣ್ಣ ಹುಡುಗಿ ಊರೂರು ತಿರುಗಿ ಕೆಲಸ ಕಲಿಯುತ್ತಾಳೆ, ಕಂಬಾರನ ಹತ್ತಿರ ಕುಡಗೋಲು, ಕುಂಬಾರನ ಹತ್ತಿರ ಹರವಿ, ಆಡುವವರು ಬಟನ್ ಒತ್ತಿದರೆ ಎದುರಿಗಿದ್ದವರು ಮಾತಾಡುತ್ತಾರೆ, ಮತ್ತೆ ಒತ್ತಿದರೆ ಬೇರೆ ಮಾತು, ಒತ್ತದೆ ಸುಮ್ಮನೆ ಮುಂದೆ ನಿಂತರೆ ಅದಕ್ಕೊಂದು, ಹೇಳದೆ ಕೇಳದೆ ಹೊರಟುಬಿಟ್ಟರೆ ಬೆನ್ನ ಹಿಂದೆ ಒಂದು. ಯಾರೂ ಒತ್ತಲೇ ಇಲ್ಲ ಅಂದ್ರ? ಆದರೂ ಬರೆದಿಟ್ಟಿರಬೇಕು. ಅಪ್ಪ ಎಲೆ ಅಡಿಕೆ ಒಂದು ಕಡೆ ದಬ್ಬಿ ಯೋಚನೆ ಮಾಡಿದ, ಕೇಳಾವ್ರಿಲ್ಲದ ಮಾತಿಗೂ ಪಗಾರ ಕೊಡ್ತಾರಂದ್ರ ನೀ ಪುಣ್ಯಾ ಮಾಡೀ ಬಿಡು, ನಾ ಇಡೀ ಜೀವನ ಪುಕ್ಕಟೆ ಆಡೇನಿ. ಆಡಲಿ. ನಾನು ಬರುವ ಮೊದಲು ಭೀಮೇಶನ ಆಟದಲ್ಲಿ ಜೋಳ ಮಾರುವವನು ಏನೆನ್ನುತ್ತಿದ್ದ, ಸ್ವಾಗತ ಪ್ರಯಾಣಿಕಳೇ, ನಿನಗೆ ನಾನು ಯಾವ ರೀತಿ ನೆರವಾಗಲಿ — ಸಂತೆಯಲ್ಲಿ ಹೀಗೆ ಮಾತಾಡುವವನ ಹತ್ತಿರ ಯಾರಾದರೂ ಪಾವು ಜೋಳ ಕೊಂಡಾರೆಯೇ, ತಲೆ ಕೆಟ್ಟಿದೆ ಎಂದು ದೂರ ಸರಿದಾರು. ಎಲ್ಲ ಅಳಿಸಿ ಹಾಕಿದೆ. ಈಗ ಮೊದಲ ಸಲ ಒತ್ತಿದರೆ ಬರ್ರಿ, ಕೈಯಾಗ ಹಿಡದ ನೋಡ್ರಿ, ಎರಡನೇ ಸಲ ನೋಡೀದ್ರಲ್ಲಾ, ತಗೊಳ್ರಿ ಇನ್ನ, ಮೂರನೇ ಸಲ ಒತ್ತಿದರೆ ಯಾಕ್ರಿ, ನಮ್ಮ ಜ್ವಾಳಕ್ಕ ವರಾ ನೋಡಾಕ ಬಂದೀರೇನ? ಆಡಿ ನೋಡಲು ಕೂರಿಸಿದ ಹುಡುಗರು ಆಟ ಮುಂದೆ ನಡೆಸುವುದು ಬಿಟ್ಟು ಅವನನ್ನೇ ಒತ್ತುತ್ತ ಕೂತರಂತೆ, ಭೀಮೇಶನೇ ಹೇಳಿದ, ಇನ್ನೊಂದ ನಾಕ ಮಾತ ಬರದ ಕೊಡ್ರಿ ಅಕ್ಕಾರ ಅವಗ. ಈ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ಸೀಮೆಯಲ್ಲಿಲ್ಲ, ಜಂಬ ಎನ್ನುವವರು ಎನ್ನಲಿ, ಒಂದು ಓಣಿಯಲ್ಲಿ ಹುಟ್ಟಿ ಅದೇ ಓಣಿಯಲ್ಲಿ ಕಿವಿ ತೆರೆದುಕೊಂಡು ಬೆಳೆದವಳು ನಾನು, ಯಾರು ಯಾವಾಗ ಏನೆನ್ನುತ್ತಾರೆ ಎನ್ನುವುದು ನನಗೆ ಬಿಟ್ಟು ಇನ್ಯಾರಿಗೆ ಗೊತ್ತಿರಬೇಕು.

ಗೊತ್ತಿದ್ದೂ ಇಲ್ಲಿ ಜಾರಿದೆ ನೋಡು. ಆಟದ ಹುಡುಗಿ ಜಮಖಾನ ನೇಯುವ ಅಜ್ಜಿಯ ಹತ್ತಿರ ಬರುತ್ತಾಳೆ, ಕಲಿಸು ಎನ್ನುತ್ತಾಳೆ, ಅಜ್ಜಿ ಒಂದು ಸಲ ಬೈದು ಕಳಿಸುತ್ತಾಳೆ, ಇನ್ನೊಂದು ಸಲ ಕೆಲಸ ಹೇಳಿ ಕಳಿಸುತ್ತಾಳೆ, ಮೂರನೇ ಸಲ, ಆತು ಬಾ, ಕಲಸ್ತೀನಿ. ಮೂರು ಸಲ ಕೇಳಿದರೆ ಬಾಗಿಲು ತೆರೆಯಬೇಕು, ಅದು ಆಟದ ಕಟ್ಟಳೆ, ಅಜ್ಜಿ ಹಾಗನ್ನದಿದ್ದರೆ ಕಥೆಯ ಕೊನೆಯ ಭಾಗ ತೆರೆಯುವುದೇ ಇಲ್ಲ. ಓದಿ ಹೇಳಿದೆ, ಚಾಚಿ ನನ್ನ ಕಡೆ ತಿರುಗಿದಳು. ಇದನ್ನ ನಾ ಅನ್ನಂಗಿಲ್ಲ ರೋಹಿಣಿ. ಯಾಕ್ರಿ ಚಾಚಿ? ಆ ಹುಡುಗಿ ಈ ಅಜ್ಜಿಗೆ ಸೊಸಿ ಆಗಬೇಕೇನ? ಇಲ್ರಿ, ಯಾರದೋ ಮಗಳು. ಹಂಗಾರ ಹೆಂಗ ಕಲಸ್ತಾಳ? ಆಗ ನೆನಪಾಯಿತು, ಅದೂ ತಡವಾಗಿ, ಈ ಮನೆಯಲ್ಲಿ ಮಗ್ಗದ ಕೆಲಸ ಸೊಸೆಗೆ ಮಾತ್ರ, ಮಗಳಿಗಿಲ್ಲ, ಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು, ಕಲಿತ ಕೈ ಅವಳ ಜೊತೆಗೇ ಹೋಗಿಬಿಡುತ್ತದೆ. ಚಾಚಿಯನ್ನೂ ಹೀಗೇ, ಹೆತ್ತವಳು ಮಗ್ಗದ ಮುಂದೆ ಕೂತಾಗಲೆಲ್ಲ ನೀರು ತಾ, ಸೌದೆ ತಾ ಎಂದು ಹೊರಗೆ ಅಟ್ಟುತ್ತಿದ್ದಳಂತೆ, ಕಲಿತದ್ದು ನಿಕಾ ಆಗಿ ಈ ಮನೆಗೆ ಬಂದ ಮೇಲೆ, ಅತ್ತೆಯ ಕೈಯಿಂದ. ಸಣ್ಣವಳಿದ್ದಾಗಿನಿಂದ ಕೇಳಿದ ಸಂಗತಿ, ಬರೆಯುವಾಗ ಹೊಳೆಯಲೇ ಇಲ್ಲ. ಚಾಚಿ, ಇದು ಬರೇ ಆಟ ಎನ್ನಬಹುದಿತ್ತು, ಎನ್ನಲಿಲ್ಲ, ಬೆಳಿಗ್ಗೆಯಿಂದ ಅವಳು ಒಂದು ಮಾತನ್ನೂ ಆಟವೆಂದು ಆಡಿಲ್ಲ, ಅದಕ್ಕೇ ಆ ಮಾತುಗಳಿಗೆ ಜೀವ ಬಂದದ್ದು. ಆಮೇಲೆ ಅವಳೇ ದನಿ ತಗ್ಗಿಸಿ, ನನ್ನ ದನಿ ಓಣಿಗೆಲ್ಲಾ ಗುರ್ತೈತಿ, ನಾಳೆ ಆ ಆಟದಾಗ ಮರಿಯಮಬಿ ಯಾರ್ದೋ ಹುಡುಗಿಗೆ ಕಲಸ್ತೀನಿ ಬಾ ಅಂತಾಳಂದ್ರ ಇಕಿ ಏನ ತಿಳ್ಕೋತಾಳ? ಕಣ್ಣು ಹೊಸ್ತಿಲ ಕಡೆ ಹೋಯಿತು. ಇಕಿ ಎಂದರೆ ತಹಸೀನ್, ಅವಳ ಮಗಳು.

ತಹಸೀನ್ ಹೊಸ್ತಿಲ ಹತ್ತಿರ ಕೂತಿದ್ದಾಳೆ, ಮಡಿಲಲ್ಲಿ ಬಳ್ಳೊಳ್ಳಿಯ ತಾಟು, ಅಣ್ಣಿಗೇರಿಗೆ ಕೊಟ್ಟ ಮಗಳು, ತವರಿಗೆ ಬಂದಿದ್ದಾಳೆ, ನನ್ನ ಜೊತೆ ಶಾಲೆಗೆ ಬಂದವಳು, ಮಾತು ಕಡಿಮೆ. ಮನೆಗೆ ಸೊಸೆಯೂ ಬಂದಳು, ಒಂದು ಗೇಣು ನೇಯ್ದಳು, ಸೊಂಟ ಹಿಡಿಯಿತು ಎಂದಳು, ಗಂಡನ ಜೊತೆ ಹುಬ್ಬಳ್ಳಿಗೆ ಹೋಗಿ ಈಗ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಾಳೆ, ಅವಳ ತಪ್ಪೂ ಅಲ್ಲ. ಗಿರಣಿ ಸದ್ದು ಸ್ವಲ್ಪ ಇಳಿಯಿತೇ, ಇಲ್ಲ, ಇನ್ನೊಂದು ಡಬ್ಬಿ ಸುರಿದರು. ಹಾಗಾದರೆ ಏನು ಮಾಡಲಿ, ಆಟದ ಹುಡುಗಿಯನ್ನೇ ಸೊಸೆ ಮಾಡಿಬಿಡೋಣವೇ, ಫೋನಿನಲ್ಲಿ ಕೇಳಿಯೂ ಕೇಳಿದೆ, ಭೀಮೇಶ ಬೆಚ್ಚಿಬಿದ್ದ, ಅಕ್ಕಾರ, ಹುಡುಗಿ ಇನ್ನ ಸಾಲಿಗೆ ಹೋಗೂ ವಯಸ್ಸು, ನನ್ನ ಮ್ಯಾಲೆ ಕೇಸ್ ಹಾಕಸ್ತೀರೇನ. ಅಜ್ಜಿ ಕಲಿಸಿದಳು ಎಂದು ಸ್ಕ್ರೀನಿನ ಮೇಲೆ ಬರಹ ಮೂಡಿಸಿದರೆ? ಥೂ, ಅದು ಕಳ್ಳದಾರಿ, ಮಾತು ಬರೆಯಲು ಬಾರದವರು ಹಿಡಿಯುವ ದಾರಿ. ಸಿಗುತ್ತದೆ, ಇನ್ನೊಂದು ಮಾತು ಇದೆ, ಯಾವಾಗಲೂ ಇರುತ್ತದೆ, ಅಜ್ಜಿಯ ಬಾಯಿಗೆ ಸುಳ್ಳಾಗದೆ ಆಟದ ಬಾಗಿಲನ್ನೂ ತೆರೆಯುವಂಥದು — ಟಪ್ ಟಪ್, ಪಂಜಾ ಬಿತ್ತು, ತಹಸೀನಳ ಬೆರಳು ಆಡಿತು. ಏನದು. ಬಳ್ಳೊಳ್ಳಿ ಸುಲಿಯುವುದು ನಿಂತಿದೆ, ಮೊಣಕಾಲ ಮೇಲೆ ತೋರುಬೆರಳು, ಪಂಜಾದ ಸದ್ದಿಗೆ ಸರಿಯಾಗಿ ಒಂದು ಗೆರೆ ಹೋಗಿ ತಿರುಗಿ ಬರುತ್ತದೆ, ಮತ್ತೆ ಟಪ್, ಮತ್ತೆ ಗೆರೆ, ಸದ್ದು ಕೇಳಿಯೇ ನೇಯುತ್ತಿದ್ದಾಳೆ ಹುಡುಗಿ, ಎಷ್ಟು ವರ್ಷದಿಂದಲೋ. ಮಗ್ಗದಲ್ಲಿ ಈಗ ನವಿಲು ಎದ್ದಿದೆ, ಕಾಲು ಆಗಿದೆ, ಎದೆ ಆಗಿದೆ, ಕೊರಳು ಬಾಗುವ ಜಾಗ ಬಂತು, ಅಲ್ಲಿ ಬೆರಳು ನಿಂತಿತು. ಎತ್ತ ತಿರುಗಬೇಕೆಂದು ಅವಳಿಗೆ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು, ಹೊಸ್ತಿಲಿನಿಂದ ತಾಯಿಯ ಬೆನ್ನು ಕಾಣುತ್ತದೆ, ಕೈ ಕಾಣುವುದಿಲ್ಲ.

ಕೈ ಕಾಣಬೇಕೆಂದರೆ ಈ ಕಡೆ ಬರಬೇಕು, ನಾನಿರುವ ಕಡೆಗಿಂತ ಇನ್ನೂ ಮುಂದೆ, ಹಲಗೆಯ ಆ ತುದಿಗೆ. ಬಂತು, ಮಾತು ಬಂತು, ನನಗೆ ಗೊತ್ತಿತ್ತು ಬರುತ್ತದೆಂದು. ಕಲಸಂಗಿಲ್ಲಂದ್ರ ಕಲಸಂಗಿಲ್ಲ. ಬೆಳಕಿಗೆ ಅಡ್ಡ ಕುಂದರಬ್ಯಾಡ, ಈ ಬಾಜು ಬಾ. ಇಷ್ಟೇ. ಆಟದ ಹುಡುಗಿ ಆ ಬದಿಗೆ ಹೋಗಿ ಕೂತರೆ ಬಾಗಿಲು ತೆರೆಯಲಿ, ಹೋಗದೆ ಮುನಿಸಿಕೊಂಡು ಹೊರಟರೆ ಇಲ್ಲ. ಭೀಮೇಶನಿಗೆ ಫೋನು ಹಚ್ಚಿದೆ, ಒಲ್ಲೆ ಅಂದ್ಮ್ಯಾಲೆ ಆಟ ಹೆಂಗ ಮುಂದ ಹೊಕ್ಕೈತ್ರಿ ಅಕ್ಕಾರ? ಆಕಿ ಒಲ್ಲೆ ಅಂದ್ಲು, ನೋಡಬ್ಯಾಡ ಅಂದ್ಲೇನ? ಆ ಕಡೆಯಿಂದ ಮೆತ್ತಗೆ, ಅಗದೀ ಛಲೋ ಐತ್ರಿ, ಇದನ್ನ ಇಡೂಣು. ಗೊತ್ತಿದೆ ಛಲೋ ಇರುವುದು. ಚಾಚಿಗೆ ಓದಿ ಹೇಳಿದೆ, ಪಂಜಾ ಕೈಯಲ್ಲೇ ನಿಂತಿತು, ಇನ್ನೊಮ್ಮೆ ಹೇಳ, ಇನ್ನೊಮ್ಮೆ ಹೇಳಿದೆ. ಹಿಂಗಂದ್ರ ಕಲಿಸಿದಂಗ ಆಗಂಗಿಲ್ಲಲಾ? ಎಲ್ಲ್ಯಾಗತೈತ್ರಿ ಚಾಚಿ, ನೀವು ಕಲಸಂಗಿಲ್ಲ ಅಂತನ ಅಂದೀರಿ. ನನ್ನನ್ನು ನೋಡಿದಳು, ತುಟಿಯ ಒಂದು ಬದಿ ಮೇಲೇರಿತು, ಭಾಳ ಶಾಣ್ಯಾಕಿ ಅದಿ ಬೇ ನೀ. ಹೌದ್ರಿ, ಅದೇನಿ.

ಗಿರಣಿ ನಿಂತಿತು. ಕಿವಿ ಒಮ್ಮೆಲೇ ಖಾಲಿಯಾದಂತೆ, ದೂರದಲ್ಲಿ ಯಮನೂರಿನ ಬಸ್ಸಿನ ಹಾರ್ನು, ಅದೂ ಹೋಗಲಿ, ಹೋಯಿತು, ಮೈಕು ಚಾಚಿಯ ಹತ್ತಿರ ಸರಿಸಿದೆ, ರೆಕಾರ್ಡ್ ಒತ್ತಿದೆ, ಹೂಂ ಎಂದು ಕೈ ಮಾಡಿದೆ. ಮೈಕಿನ ಕಡೆ ಹೇಳಬೇಕು ಚಾಚಿ ಎಂದು ಬೆಳಿಗ್ಗೆಯೇ ಹೇಳಿದ್ದೆ, ಬೆಳಿಗ್ಗೆಯಿಂದ ಹಾಗೇ ಹೇಳಿದ್ದಳು, ಈಗ ಮುಖ ಹೊಸ್ತಿಲ ಕಡೆ ತಿರುಗಿದೆ, ತಡೆಯಲಿಲ್ಲ ನಾನು, ದನಿ ಸ್ವಲ್ಪ ಸಣ್ಣದಾದರೂ ಅಡ್ಡಿಯಿಲ್ಲ — ಕಲಸಂಗಿಲ್ಲಂದ್ರ ಕಲಸಂಗಿಲ್ಲ. ಉಸಿರು ತೆಗೆದುಕೊಂಡಳು. ಬೆಳಕಿಗೆ ಅಡ್ಡ ಕುಂದರಬ್ಯಾಡ, ಈ ಬಾಜು ಬಾ. ಈ ಮನೆಯಲ್ಲಿ ತಾಯಿ ಮಗಳು ಮಾತಾಡುವುದು ಉರ್ದುವಿನಲ್ಲಿ, ಇದು ಕನ್ನಡದಲ್ಲಿ ಬಂದ ಮಾತು, ಆಟದ ಮಾತು, ತಹಸೀನ್ ಕೇಳಿಸಿಕೊಳ್ಳದೆ ಬಳ್ಳೊಳ್ಳಿ ಸುಲಿಯುತ್ತ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ. ತಾಟು ನೆಲಕ್ಕಿಟ್ಟ ಸದ್ದು. ಬಳೆಯ ಸದ್ದು. ಎಲ್ಲ ರೆಕಾರ್ಡ್ ಆಗುತ್ತಿದೆ, ಆಗಲಿ. ನನ್ನ ಮುಂದಿನಿಂದ ಹಾದು ಹೋದಳು, ಹಲಗೆಯ ಆ ತುದಿಗೆ ಕೂತಳು, ತಾಯಿಗೆ ತಾಗದಂತೆ, ಕೈ ಎರಡೂ ಮಡಿಲಲ್ಲಿ. ಚಾಚಿ ಅವಳ ಕಡೆ ನೋಡುವುದಿಲ್ಲ. ದಾರ ಎತ್ತಿದಳು, ನಿಧಾನ, ಬೆಳಿಗ್ಗೆಯಿಂದ ನಾನು ನೋಡಿರದಷ್ಟು ನಿಧಾನ, ಒಂದೊಂದು ಎಳೆ ಬೇರೆ ಬೇರೆ ಕಾಣುವಷ್ಟು, ಹಾಕಿದಳು, ಬಡಿದಳು, ಟಪ್, ಕೊರಳು ಬಾಗುವ ಜಾಗ, ಮತ್ತೆ ಎತ್ತಿದಳು, ಮಡಿಲಿನಿಂದ ಒಂದು ಬೆರಳು ಮೊಣಕಾಲ ಮೇಲೆ ಬಂತು, ಗೆರೆ ಎಳೆಯಿತು, ನವಿಲಿನ ಕೊರಳ ಹತ್ತಿರ ನಿಂತಿತು, ನಾನು ರೆಕಾರ್ಡಿಂಗ್ ನಿಲ್ಲಿಸಬೇಕು, ನಿಲ್ಲಿಸಲಿಲ್ಲ, ಬೆರಳು ನಿಂತೇ ಇದೆ, ಚಾಚಿ ಕಾಯುತ್ತಿದ್ದಾಳೆ, ದಾರವನ್ನು ಎಡಕ್ಕೆ ಹೊರಳಿಸಿದಳು, ಟಪ್, ಬೆರಳು — ಬೆರಳೂ ಎಡಕ್ಕೆ ತಿರುಗಿತು.