ಆರು ತಿಂಗಳ ಮಂತ್ರಿ

ಪಕ್ಷದ ಹೊರಗಿನ ವಕೀಲನೊಬ್ಬನನ್ನು ಕಾನೂನು ಮಂತ್ರಿ ಮಾಡುತ್ತೇನೆಂದು ಮುಖ್ಯಮಂತ್ರಿ ಹೇಳಿದಾಗ ಪಕ್ಷದವರು ಬೆಕ್ಕಸಬೆರಗಾದರು. ಒಂದು ಚುನಾವಣೆಗೆ ನಿಂತವನಲ್ಲ, ಒಂದು ದಿನ ಬಾವುಟ ಹಿಡಿದವನಲ್ಲ, ಇವನಿಗೆ ಖಾತೆಯೇ? ಮುಖ್ಯಮಂತ್ರಿ ನಕ್ಕ. ಹುಲಿ ಎರಡು ಹೆಜ್ಜೆ ಹಿಂದಿಡುವುದು ಹೆದರಿಕೆಯಿಂದಲ್ಲ.

ಮುಖ್ಯಮಂತ್ರಿ ಕಾಲೇಜಿನಲ್ಲಿದ್ದಾಗಿನ ಮಾತು. ಹೊಡೆದು ಹೊರಗೆ ಹಾಕಿದ ಗಂಡನಿಂದ ಜೀವನಾಂಶ ಕೇಳಲು ಅಮ್ಮ ಕೋರ್ಟಿನ ಕಟಕಟೆ ಹತ್ತಿದ್ದಳು. ಅಪ್ಪನ ಕಡೆಗೆ ಈ ವಕೀಲ. ಸಾಕ್ಷಿಯನ್ನು ಕುಗ್ಗಿಸಲು ಅವನದೊಂದು ಹಳೇ ವರಸೆಯಿತ್ತು, ಕಿವಿಗೆ ಕೈ ಹಚ್ಚಿ, "ಕೇಳಿಸ್ಲಿಲ್ಲಮ್ಮ, ಸ್ವಲ್ಪ ಜೋರಾಗಿ ಹೇಳಿ" ಅನ್ನುವುದು. ಗಂಡ ಎಲ್ಲೆಲ್ಲಿ ಹೊಡೆದ ಎಂಬುದನ್ನು ಆ ಹೆಂಗಸು ತುಂಬಿದ ಕೋರ್ಟಿನಲ್ಲಿ ಮತ್ತೆ ಮತ್ತೆ ಕೂಗಿ ಹೇಳಬೇಕಾಯಿತು. ಹಿಂದಿನ ಬೆಂಚಿನಲ್ಲಿ ಕೂತ ಮಗನ ಎದುರೇ ಜನ ಕಿಸಕ್ಕನೆ ನಕ್ಕರು. ಕೇಸು ಹೋಯಿತು, ಅದರ ಜೊತೆಗೇ ಅಮ್ಮನ ದನಿಯೂ ಹೋಯಿತು. ಆಮೇಲೆ ಅವಳು ಮಾತಾಡಿದ್ದೆಲ್ಲ ಪಿಸುಮಾತಿನಲ್ಲೇ. ಮಗ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳುತ್ತಿದ್ದ. ಜೋರಾಗಿ ಹೇಳು ಎಂದು ಮನೆಯಲ್ಲಿ ಯಾರೂ ಅವಳಿಗೆ ಅನ್ನುವ ಹಾಗಿರಲಿಲ್ಲ.

ವಕೀಲನಿಗೆ ಇದೊಂದೂ ನೆನಪಿರಲಿಲ್ಲ. ಎಷ್ಟು ಜನರನ್ನು ಅಳಿಸಿದ್ದನೋ ಪುಣ್ಯಾತ್ಮ! ಚುನಾಯಿತನಲ್ಲದ ಮಂತ್ರಿ ಆರು ತಿಂಗಳೊಳಗೆ ಗೆದ್ದು ಬರಬೇಕು, ಇಲ್ಲವೇ ಕುರ್ಚಿ ಬಿಡಬೇಕು ಎಂಬ ನಿಯಮ ಮಾತ್ರ ಚೆನ್ನಾಗಿ ನೆನಪಿತ್ತು.

"ಸೀಟೊಂದು ಕೊಡ್ತೀರಲ್ಲ ಸಾರ್?" ಎಂದು ಮೊದಲೇ ಕೇಳಿದ.

"ಅದೆಲ್ಲ ನನಗೆ ಬಿಡಿ ಸಾರ್" ಎಂದ ಮುಖ್ಯಮಂತ್ರಿ.

ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ ಎಂದು ಕಕ್ಷಿದಾರರಿಗೆ ಜೀವಮಾನವೆಲ್ಲ ಬುದ್ಧಿ ಹೇಳಿದವನು ತನ್ನ ಸರದಿ ಬಂದಾಗ ಬಾಯಿಮಾತನ್ನೇ ನಂಬಿದ. ಮಂತ್ರಿಯಾದವನು ವಕೀಲಿ ಮಾಡುವಂತಿಲ್ಲವಲ್ಲ, ಕರಿಕೋಟು ಬೀರುವಿಗೆ ಹೋಯಿತು. ಜೂನಿಯರುಗಳು ಕೇಸುಗಳ ಸಮೇತ ಎದುರು ಕಟ್ಟಡದ ವಕೀಲರ ಹತ್ತಿರ ಸೇರಿಕೊಂಡರು. ಆದರೇನು? ಬಾಗಿಲಲ್ಲಿ ಪೊಲೀಸ್ ಸೆಲ್ಯೂಟು, ಉದ್ಘಾಟನೆಗೆ ಹೋದಲ್ಲೆಲ್ಲ ಹಾರ, ಹಿಡಿಯುವವರೇ ಇಲ್ಲ! ಉಬ್ಬಲಿ, ಚೆನ್ನಾಗಿ ಉಬ್ಬಲಿ ಎಂದು ಮುಖ್ಯಮಂತ್ರಿ ಹಲ್ಲು ಕಚ್ಚಿ ಕಾದ.

ಐದನೇ ತಿಂಗಳಲ್ಲಿ ಒಂದು ಸೀಟು ಖಾಲಿಯಾಯಿತು. ಟಿಕೆಟ್ಟು ಒಬ್ಬ ಟ್ರ್ಯಾಕ್ಟರ್ ವ್ಯಾಪಾರಿಗೆ ಹೋಯಿತು. ವಕೀಲ ಎದ್ದೆನೋ ಬಿದ್ದೆನೋ ಎಂದು ಮುಖ್ಯಮಂತ್ರಿಯ ಕೋಣೆಗೆ ಓಡಿ ಬಂದ. ಹೊರಗೆ ಅರ್ಜಿ ಹಿಡಿದ ಜನ ಗಿಜಿಗಿಜಿ ಎನ್ನುತ್ತಿದ್ದರು. ಬಾಗಿಲು ಹಾಕಲು ಬಂದ ಜವಾನನನ್ನು ಮುಖ್ಯಮಂತ್ರಿ ಕಣ್ಣಲ್ಲೇ ತಡೆದ.

"ಸಾರ್, ಆ ಸೀಟು ನನಗೆ ಕೊಡಿಸಿ" ಎಂದ ವಕೀಲ, ಮೆಲ್ಲಗೆ.

ಮುಖ್ಯಮಂತ್ರಿ ಕಿವಿಗೆ ಕೈ ಹಚ್ಚಿದ. "ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

"ನನ್ನ ಪ್ರಾಕ್ಟೀಸೂ ಹೋಯ್ತು ಸಾರ್. ಕೈ ಬಿಡಬೇಡಿ."

"ಇನ್ನೂ ಜೋರಾಗಿ."

"ಕೈ ಮುಗೀತೀನಿ ಸಾರ್!" ಎಂದು ವಕೀಲ ಕೂಗಿದ. ಹೊರಗಿನ ಗದ್ದಲ ನಿಂತಿತು. ಯಾರೋ ಕಿಸಕ್ಕನೆ ನಕ್ಕರು.

"ಈಗ ಕೇಳಿಸ್ತು. ಆಗಲ್ಲ, ಹೋಗಿ" ಎಂದ ಮುಖ್ಯಮಂತ್ರಿ. ಆಹಾ, ಎಷ್ಟು ವರ್ಷದ ಹಸಿವು! ಎದೆ ತಣ್ಣಗಾಯಿತು.

ಸಂಜೆ ಮನೆಗೆ ಹೋದವನು ಚಪ್ಪಲಿಯನ್ನೂ ಬಿಡಲಿಲ್ಲ. ಅಮ್ಮ ಕಿಟಕಿಯ ಹತ್ತಿರ ಬಟ್ಟೆ ಮಡಿಸುತ್ತಿದ್ದಳು. ಅವನು ನಿಂತಲ್ಲೇ ಎಲ್ಲವನ್ನೂ ಅಭಿನಯಿಸಿ ತೋರಿಸಿದ, ಕಿವಿಗೆ ಕೈ ಹಚ್ಚಿದ್ದು, ವಕೀಲ ಕೂಗಿದ್ದು, ಜನ ನಕ್ಕಿದ್ದು. "ನಿನ್ನ ಸೇಡು ತೀರಿಸಿದೆ ಕಣಮ್ಮ!"

ಅಮ್ಮ ಮಡಿಸುವುದನ್ನು ನಿಲ್ಲಿಸಿ ಏನೋ ಅಂದಳು. ಹುರುಪಿನಲ್ಲಿದ್ದವನು ಬಗ್ಗಲಿಲ್ಲ. ಕೈ ಇನ್ನೂ ಕಿವಿಯ ಮೇಲೇ ಇತ್ತು.

"ಕೇಳಿಸ್ಲಿಲ್ಲಮ್ಮ, ಸ್ವಲ್ಪ ಜೋರಾಗಿ ಹೇಳು."

ಅಂದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು. ಅಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅಂದು ಕಟಕಟೆಯಿಂದ ವಕೀಲನನ್ನು ನೋಡಿದ್ದೂ ಹೀಗೇ.

"ಅಮ್ಮಾ, ತಪ್ಪಾಯ್ತು" ಎಂದು ಅವನು ಓಡಿ ಹೋಗಿ ಅವಳ ಬಾಯಿಯ ಹತ್ತಿರ ಕಿವಿಯಿಟ್ಟ. ಅವಳು ಇನ್ನೊಂದು ಬಟ್ಟೆ ತೆಗೆದುಕೊಂಡು ಮಡಿಸತೊಡಗಿದಳು.