ಹದಿನಾಲ್ಕನೇ ಸಾಲಿನ ಕಿಟಕಿ ಸೀಟು

ಇದನ್ನು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಆ ವಿಮಾನದಲ್ಲಿದ್ದವರೇ ಹೇಳಬೇಕಾದ ಕಥೆ ಇದು. ಹೇಜೆಲ್ ತನ್ನ ಅಡುಗೆಮನೆಯಲ್ಲಿ ಎರಡು ಸಲ ಹೇಳಿದ್ದನ್ನು ಕೇಳಿಸಿಕೊಂಡವರು ಹೇಳಿದರೆ ಎಲ್ಲೋ ಒಂದು ಎಳೆ ತಪ್ಪಬಹುದು. ತಪ್ಪಿದರೆ ಆ ತಪ್ಪು ಹೇಜೆಲಳದಲ್ಲ.

ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಹೇಜೆಲ್ ಮತ್ತು ಅವಳ ಗಂಡ ನೆವಿಲ್ ಪ್ರತಿ ಫೆಬ್ರವರಿಯಲ್ಲೂ ಮೂರು ದಿನದ ಮಟ್ಟಿಗೆ ಬಿಸಿಲಿರುವ ಯಾವುದಾದರೂ ಊರಿಗೆ ಹೋಗಿಬರುತ್ತಿದ್ದರು. ಲಿಸ್ಬನ್, ಮಾಲಗ, ಒಮ್ಮೆ ಪಾಲೆರ್ಮೊ. ವಿಮಾನದಲ್ಲಿ ಎರಡೂವರೆ ಗಂಟೆ ಕೂತರೆ ಕೋಟು ಕಳಚಬಹುದಾದ ಊರು ಸಿಗುತ್ತದೆ ಎನ್ನುವುದರ ಮೇಲೆಯೇ ನೆವಿಲ್ ಇಡೀ ಚಳಿಗಾಲ ತಳ್ಳುತ್ತಿದ್ದ. ಈ ಸಲ ವೆಲೆನ್ಸಿಯ ಎಂದು ಸೆಪ್ಟೆಂಬರಿನಲ್ಲೇ ಎರಡು ಟಿಕೆಟ್ ಕೊಂಡಿದ್ದ. ತನಗೆ ಕಿಟಕಿ, ಹೆಂಡತಿಗೆ ನಡುವಿನದು. ಡಿಸೆಂಬರಿನಲ್ಲಿ ತೀರಿಕೊಂಡ.

ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ ಅವನು "ಸ್ವಲ್ಪ ಇರು, ಹೋಗ್ಬೇಡ" ಅಂದಿದ್ದ. ಅವಳು ಕೆಳಗಿಳಿದು ಒಂದು ಚಹಾ ತರುವಷ್ಟರಲ್ಲಿ ಉಸಿರು ನಿಂತಿತ್ತು. ಆ ಚಹಾದ ವಿಷಯವನ್ನು ಹೇಜೆಲ್ ಯಾರಿಗೂ ಹೇಳಿರಲಿಲ್ಲ. 'ಸತ್ತರು' ಎಂಬ ಮಾತೂ ಅವಳ ಬಾಯಿಂದ ಬಂದಿರಲಿಲ್ಲ. ಬ್ಯಾಂಕಿಗೆ, ಪಿಂಚಣಿ ಕಚೇರಿಗೆ ಎಲ್ಲಾ ಕಡೆ ನೆವಿಲ್‌ನ ತಂಗಿ ಬೆರಿಲ್ ಹೇಳಿದಳು. ಬೆರಿಲಳೇ "ಮನೇಲಿ ಕೂತು ಕೊರಗ್ಬೇಡ ಕಣೇ, ನಾನೂ ಬರ್ತೀನಿ" ಎಂದು ಅದೇ ಸಾಲಿನ ಮೂರನೇ ಸೀಟು ಕೊಂಡಳು. ಕಿಟಕಿ ಸೀಟು ಮಾತ್ರ ನೆವಿಲ್‌ನ ಹೆಸರಿನಲ್ಲೇ ಉಳಿಯಿತು.

ಹೊರಡುವ ಹಿಂದಿನ ದಿನ ಕಂಪ್ಯೂಟರಿನಲ್ಲಿ ಹೆಸರು ಖಚಿತಪಡಿಸಿ ಬೋರ್ಡಿಂಗ್ ಪಾಸ್ ತೆಗೆದಿಡುವುದು ಮೊದಲಿಂದಲೂ ಹೇಜೆಲಳ ಕೆಲಸ. ಕೈ ತನ್ನ ಪಾಡಿಗೆ ತಾನು ಎರಡು ಹೆಸರಿಗೂ ಗುರುತು ಹಾಕಿತು. ಎರಡು ಹಾಳೆ ಹೊರಬಂದ ಮೇಲೆ ಅವಳಿಗೆ ಗೊತ್ತಾಯಿತು. ಒಂದನ್ನು ಹರಿಯಲು ಮನಸ್ಸು ಬರಲಿಲ್ಲ. ಒಂದರೊಳಗೊಂದು ಮಡಿಸಿಟ್ಟಳು.

ವಿಮಾನದೊಳಗೆ ಒಬ್ಬರಿಗೆ ಒಂದೇ ಸಣ್ಣ ಚೀಲ ಎಂಬ ನಿಯಮವಿದ್ದ ಕಾರಣ ಚೀಲದಲ್ಲಿ ಹಿಡಿಸದ್ದನ್ನೆಲ್ಲ ಮೈಮೇಲೆ ಹೇರಿಕೊಳ್ಳುವುದು ಅಲ್ಲಿ ಎಲ್ಲರೂ ಮಾಡುವುದೇ. ಹೇಜೆಲ್ ಎರಡು ಸ್ವೆಟರಿನ ಮೇಲೆ ನೆವಿಲ್‌ನ ಕೋಟು ತೊಟ್ಟಿದ್ದಳು. ಜೇಬುಗಳ ತುಂಬ ಕಾಲುಚೀಲ, ಮೊಟ್ಟೆ ಸ್ಯಾಂಡ್‌ವಿಚ್.

"ಸೋಫಾ ಎದ್ದು ನಡ್ಕೊಂಡು ಬಂದ ಹಾಗಿದೀಯ" ಎಂದಳು ಬೆರಿಲ್. ಬೆಳಗಿನ ಆರು ಗಂಟೆಗೇ ಅವಳ ಕೈಯಲ್ಲಿ ಬಿಯರ್ ಇತ್ತು. ವಿಮಾನ ನಿಲ್ದಾಣದಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ಗೇಟಿನಲ್ಲಿದ್ದ ಹುಡುಗಿ ಎರಡು ಹಾಳೆ ನೋಡಿ, "ಯಜಮಾನ್ರು?" ಎಂದಳು.

"ಟಾಯ್ಲೆಟ್ಟಿಗೆ ಹೋಗಿದಾರೆ, ಬಂದ್ರು" ಎಂದಿತು ಹೇಜೆಲಳ ನಾಲಿಗೆ. ಮೂವತ್ತು ವರ್ಷ ಪ್ರತಿ ಗೇಟಿನಲ್ಲೂ ಅವಳು ಹೇಳಿದ್ದು ಅದನ್ನೇ. ಕ್ಯೂ ಉದ್ದವಿತ್ತು. ಹುಡುಗಿ ಎರಡನ್ನೂ ಯಂತ್ರಕ್ಕೆ ತೋರಿಸಿದಳು. ಯಂತ್ರ ಎರಡು ಸಲ ಕುಂಯ್ ಎಂದಿತು.

ಒಳಗೆ ಹೇಜೆಲ್ ನಡುವಿನ ಸೀಟಿನಲ್ಲಿ ಕೂತು, ಕೋಟನ್ನು ಕಿಟಕಿ ಸೀಟಿನ ಮೇಲಿಟ್ಟಳು. ಹೊರಡುವ ಹೊತ್ತಾದರೂ ವಿಮಾನದ ಬಾಗಿಲು ಹಾಕಲಿಲ್ಲ. ಕೀರನ್ ಎಂಬ ಪರಿಚಾರಕ ಒತ್ತಿದಂತೆಲ್ಲ ಒಂದೊಂದೇ ಅಂಕಿ ಏರುವ ಎಣಿಕೆಯ ಗುಂಡಿ ಕೈಯಲ್ಲಿ ಹಿಡಿದು, ತಲೆ ಎಣಿಸುತ್ತ ಹಿಂದಿನವರೆಗೆ ಹೋಗಿ ಬಂದ. ಪಟ್ಟಿಯಲ್ಲಿ ನೂರ ಎಪ್ಪತ್ತನಾಲ್ಕು, ಎಣಿಕೆಯಲ್ಲಿ ನೂರ ಎಪ್ಪತ್ತಮೂರು. ಧ್ವನಿವರ್ಧಕ ಹೆಸರು ಕರೆಯಿತು: ನೆವಿಲ್ ಹೋಲ್ರಾಯ್ಡ್. ಮತ್ತೊಮ್ಮೆ ಕರೆಯಿತು.

"ಯಾವನೋ ಬಾರಲ್ಲಿ ಬಿದ್ಕೊಂಡಿರ್ಬೇಕು" ಎಂದ ಹಿಂದಿನ ಸಾಲಿನವನು.

"ಬಿಟ್ಟು ಹೊರಡ್ರಪ್ಪ, ಬಿಸಿಲು ಮುಗ್ದೋಗತ್ತೆ" ಎಂದಳು ಅವನ ಜೊತೆಗಾತಿ.

ಬೆರಿಲ್ ಬಾಯಿ ತೆರೆದಳು. ಹೇಜೆಲ್ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ತಾನು ಹೇಳದೆ ವಿಮಾನ ಕದಲದು, ಹೇಳಿದರೆ ಆ ಹೆಸರು ಹೊಡೆದುಹಾಕುತ್ತಾರೆ. ಒಮ್ಮೆ ಬಿಟ್ಟು ಎದ್ದುಹೋದವಳು ಈಗ ಎರಡನೇ ಸಲ ಬಿಟ್ಟುಹೋಗಬೇಕು.

ಕೀರನ್ ಬಂದು ಬಾಗಿದ. "ಅಮ್ಮಾ, ನಿಮ್ಮ ಯಜಮಾನ್ರು ಎಲ್ಲಿ? ಇಳಿದು ಹೋದ್ರಾ?"

"ಸತ್ತು ಹೋದ್ರಪ್ಪ. ಡಿಸೆಂಬರಲ್ಲಿ. ಇರು ಅಂದಿದ್ರು. ನಾನು ಚಾ ತರಕ್ಕೆ ಹೋಗಿದ್ದೆ."

ಕೀರನ್ ದಾರಿಯಲ್ಲೇ ಮಂಡಿಯೂರಿ ಕೂತ. "ಹಾಗಾದ್ರೆ ಹೆಸರು ತೆಗೀತೀವಮ್ಮ. ಸರೀನಾ?" ಎಂದ. ಅವಳು ತಲೆಯಾಡಿಸಿದಳು. "ಖಾಲಿ ಸೀಟ್ ಮೇಲೆ ಏನೂ ಇಡೋ ಹಾಗಿಲ್ಲ. ಕೋಟು ತೊಡೆ ಮೇಲೆ ಇಟ್ಕೊಳ್ಳಿ." ಅವಳು ಎತ್ತಿಕೊಂಡಳು.

ನಿಯಮದಂತೆ ಅವನು ಮತ್ತೊಮ್ಮೆ ಎಣಿಸಿದ. ಪಟ್ಟಿಯಲ್ಲಿ ಈಗ ನೂರ ಎಪ್ಪತ್ತಮೂರು. ಎಣಿಕೆ ನೂರ ಎಪ್ಪತ್ತನಾಲ್ಕು ಬಂತು. ಮುಂದೆ ನಿಂತು ಗುಂಡಿಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದ. ಹಿರಿಯ ಪರಿಚಾರಕಿ ಅದನ್ನು ಕಿತ್ತುಕೊಂಡು ತಾನೇ ಎಣಿಸಿದಳು. ನೂರ ಎಪ್ಪತ್ತಮೂರು. ಬಾಗಿಲು ಹಾಕಿದರು.

ಮೋಡ ದಾಟಿದ ಮೇಲೆ ಬೆರಿಲ್, "ಚಾ ವಿಷಯ ನಂಗೂ ಹೇಳಿರ್ಲಿಲ್ಲ" ಎಂದಳು.

"ಹೇಳಿದ್ರೆ ಏನಂತಿದ್ದೆ?"

"ನಂಗೊಂದು ತಂದ್ಯಾ ಅಂತಿದ್ದೆ." ಬೆರಿಲ್ ಮೂಗೊರೆಸಿಕೊಂಡಳು. "ನಮ್ಮಣ್ಣ ಯಾರಾದ್ರೂ ನೋಡ್ತಿರೋವಾಗ ಎದ್ದು ಹೋದೋನೇನೇ? ನನ್ನ ಮದುವೇಲೂ ಒಂದ್ಮಾತು ಹೇಳ್ದೆ ಜಾರ್ಕೊಂಡ. ನೀನು ಅಲ್ಲಾಡದೆ ಕೂತಿದ್ರೆ ಪಾಪ ಇನ್ನೂ ಕಾಯ್ತಾನೇ ಇರ್ತಿದ್ದ."

ಹೇಜೆಲ್ ಪಕ್ಕಕ್ಕೆ ತಿರುಗಿದಳು. ಕಿಟಕಿಯ ಪರದೆ ಅರ್ಧಕ್ಕೆ ನಿಂತಿತ್ತು. ನೆವಿಲ್ ಹಾಗೇ ಇಡುತ್ತಿದ್ದ. ಆದರೆ ಎಷ್ಟೋ ಜನ ಹಾಗೇ ಇಡುತ್ತಾರೆ.

ವೆಲೆನ್ಸಿಯದಲ್ಲಿ ಇಳಿಯುವಾಗ ಬಾಗಿಲ ಹತ್ತಿರ ಅವಳು ಕೀರನ್‌ನನ್ನು ಕೇಳಿದಳು: "ಎರಡನೇ ಸಲ ಕೋಟನ್ನೇ ಎಣಿಸಿಬಿಟ್ಯೇನಪ್ಪ?"

"ಕೋಟು ನಿಮ್ಮ ತೊಡೆ ಮೇಲಿತ್ತಲ್ಲಮ್ಮ" ಎಂದ ಅವನು. ಇನ್ನೇನೋ ಹೇಳಲು ಹೊರಟು, ಹಿಂದಿನವರಿಗೆ ದಾರಿ ಬಿಟ್ಟ.

ಮೂರು ದಿನವೂ ಒಳ್ಳೆಯ ಬಿಸಿಲಿತ್ತು. ವಾಪಸಿನ ಪ್ರಯಾಣಕ್ಕೆ ಹೋಟೆಲಿನ ಕಂಪ್ಯೂಟರಿನ ಮುಂದೆ ಕೂತಾಗಲೂ ಎರಡು ಹೆಸರು ಕಂಡವು; ಕೀರನ್ ತೆಗೆಸಿದ್ದು ಬರುವಾಗಿನ ಪಟ್ಟಿಯಿಂದ ಮಾತ್ರ. ಹೇಜೆಲ್ ತನ್ನೊಂದಕ್ಕೇ ಗುರುತು ಹಾಕಿ, ಒಂದೇ ಹಾಳೆ ತೆಗೆದಳು.

ಕೀರನ್‌ನ ಬೆರಳು ಸುಮ್ಮನೆ ಒಂದು ಸಲ ಹೆಚ್ಚು ಒತ್ತಿರಬಹುದು. ಬೆಳಿಗ್ಗೆ ಮೂರಕ್ಕೆ ಎದ್ದವನು. ಹಾಗಲ್ಲದಿದ್ದರೆ ಅವನು ಎಣಿಸಿದ್ದು ಯಾರನ್ನು, ಆ ಮಧ್ಯಾಹ್ನ ನೆವಿಲ್ ಕಾದಿದ್ದು ಅವಳು ಬರಲಿ ಎಂದೋ ಹೋಗಲಿ ಎಂದೋ, ಇದು ಯಾವುದೂ ಹೇಜೆಲಳಿಗೆ ಗೊತ್ತಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.