ಬಕಾರಿಯವರ ಮತ

ಪರದೆಯ ಮೇಲೆ ಸಭಾಧ್ಯಕ್ಷೆಯ ಮುಖ ಬಾಯಿ ಅರ್ಧ ತೆರೆದಂತೆಯೇ ನಿಂತುಹೋಯಿತು. ದೋಹಾದ ಮದೀನತ್ ಖಲೀಫಾ ಬಡಾವಣೆಯ ಆ ಬಾಡಿಗೆ ವಿಲ್ಲಾದಲ್ಲಿ ಇಂಟರ್ನೆಟ್ ಮತ್ತೆ ಕೈಕೊಟ್ಟಿತ್ತು. "ಯಲ್ಲಾ, ಯಲ್ಲಾ!" ಎನ್ನುತ್ತ ಬಕಾರಿಯವರ ಮಗ ಇದ್ರಿಸ್ ರೂಟರಿನ ಕಡೆ ಓಡಿದ. ಅಷ್ಟರಲ್ಲಿ ಮುಖ ಮತ್ತೆ ಅಲುಗಾಡಿತು. ಅದರ ಹಿಂದಿನಿಂದ ಶಾಸನಸಭೆಯ ಗದ್ದಲ ಕೋಣೆಯೊಳಕ್ಕೆ ನುಗ್ಗಿತು.

ಗ್ರೀಷ್ಮಾ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಬಕಾರಿಯವರ ಎಡಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಪಾರ್ಶ್ವವಾಯು ಹೊಡೆದು ಮಾತೂ ಬಲಭಾಗವೂ ಹೋದ ಮೇಲೆ ಆ ಮುದುಕರಿಗೆ ಉಳಿದದ್ದು ಅದೊಂದೇ ಕೈ. ನೋವಿದೆಯೇ, ನೀರು ಬೇಕೇ, ಏನು ಕೇಳಿದರೂ ಹೆಬ್ಬೆರಳಿನಿಂದ ಅವಳ ಅಂಗೈ ಒತ್ತಿ ಹೇಳುತ್ತಿದ್ದರು. ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಈ ಭಾಷೆಯನ್ನು ಅವರಿಗೆ ಕಲಿಸಿದವಳು ಬಂಟ್ವಾಳದಿಂದ ಬಂದ ಈ ನರ್ಸೇ.

ಬಕಾರಿ ಮ್ವಾರಿ ದ್ವೀಪದವರು. ಮ್ವಾರಿ ಇನ್ನೂ ದೇಶವಾಗಿರಲಿಲ್ಲ. ದೊಡ್ಡ ದೇಶವೊಂದರ ಸ್ವಾಯತ್ತ ಪ್ರಾಂತ್ಯವಷ್ಟೆ. ಶಾಸನಸಭೆ ದ್ವೀಪದ್ದು, ಸೈನ್ಯ ಮಾತ್ರ ದೊಡ್ಡ ದೇಶದ್ದು. ಆ ಸಭೆಯಲ್ಲಿ ಸ್ವಾತಂತ್ರ್ಯದ ಮಾತನ್ನು ಮೊದಲು ಎತ್ತಿದವರೇ ಬಕಾರಿ. ಎರಡು ಕಡೆಯವರ ಮಾತುಕತೆಗೆಂದು ದೋಹಾಕ್ಕೆ ಬಂದಿದ್ದಾಗ ಹೋಟೆಲಿನಲ್ಲಿ ಕುಸಿದುಬಿದ್ದಿದ್ದರು. ಮಾತುಕತೆ ಇನ್ನೂ ಎಳೆಯುತ್ತಲೇ ಇತ್ತು. ಇನ್ನು ಕಾಯುವುದು ಬೇಡ, ಸ್ವಾತಂತ್ರ್ಯವನ್ನು ಈ ದಿನವೇ ಘೋಷಿಸೋಣ ಎಂಬ ಗೊತ್ತುವಳಿ ಈಗ ಸಭೆಯ ಮುಂದಿತ್ತು. ಮತಗಳು ಸಮಸಮ ಬಿದ್ದಿದ್ದವು. ಉಳಿದದ್ದು ಬಕಾರಿಯವರದ್ದೊಂದು. ಚಿಕಿತ್ಸೆಯಲ್ಲಿರುವ ಸದಸ್ಯರು ವಿಡಿಯೋ ಮೂಲಕ ಮತ ಹಾಕಬಹುದು, ಬಾಯಿ ಬಾರದಿದ್ದರೆ ಶುಶ್ರೂಷೆ ಮಾಡುವವರು ಸಾಕ್ಷಿ ಹೇಳಬೇಕು ಎಂದು ನಿಯಮವಿತ್ತಂತೆ.

ನರ್ಸ್‌ಗಳನ್ನು ಮನೆಮನೆಗೆ ಕಳಿಸುವ ಏಜೆನ್ಸಿಯ ಸೂಪರ್‌ವೈಸರ್, ದೇರಳಕಟ್ಟೆಯ ಹಾಶಿಮ್, ಬಾಗಿಲಿಗೆ ಒರಗಿ ನಿಂತಿದ್ದ. ಸ್ವಲ್ಪ ಮೊದಲು ಅಡಿಗೆಮನೆಯಲ್ಲಿ ಅವಳಿಗೆ ಹೇಳಿದ್ದ:

"ನೋಡಿ ಗ್ರೀಷ್ಮಾ, ಈ ಪಾಲಿಟಿಕ್ಸ್ ನಮಗೆ ಬೇಡ. ಅವರು ಹೌದು ಅಂತ ಒತ್ತುತ್ತಾರೆ, ನೀವು ಹೌದು ಅಂತ ಹೇಳಿ. ಖಲಾಸ್."

"ಇಲ್ಲ ಅಂತ ಒತ್ತಿದ್ರೆ?"

"ಎಂತ ಇಲ್ಲ ಅನ್ನುದು ಮಾರಾಯ್ತಿ! ಮನುಷ್ಯನ ಇಡೀ ಆಯುಷ್ಯ ಅದಕ್ಕೇ ಹೋಗಿದೆ."

ಅವಳಿಗೂ ಅನುಮಾನವೇನೂ ಇರಲಿಲ್ಲ. ಬೆಳಿಗ್ಗೆ ಇದ್ರಿಸ್ ತಂದೆಯ ಹತ್ತಿರ ಒಮ್ಮೆ ಹೌದೆಂದು ಒತ್ತುವ ಅಭ್ಯಾಸ ಮಾಡಿಸಲು ಹೋದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಸುಸ್ತಾಗಿದೆ ಎಂದುಕೊಂಡು ಮಗ ಫೋನಿನಲ್ಲಿ ಮುಳುಗಿದ್ದ. "ಸೈನ್ಯ ಬಂದರೆ ಬರಲಿ. ನನ್ನ ಟಿಕೆಟ್ ಆಗಿದೆ. ಅಣ್ಣನನ್ನು ಅವರು ಕೊಂದ ಜಾಗದಲ್ಲೇ ಹೋಗಿ ನಿಲ್ಲುತ್ತೇನೆ," ಎಂದು ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಹಾಸಿಗೆಯ ಪಕ್ಕದಲ್ಲೇ ನಿಂತು.

ಸಭಾಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ತಮ್ಮ ಭಾಷೆಯಲ್ಲಿ ಗೊತ್ತುವಳಿ ಓದಿದಳು. ಆಮೇಲೆ ಗ್ರೀಷ್ಮಾಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಕೇಳಿದಳು: "ಮಾನ್ಯ ಬಕಾರಿಯವರೇ, ಈ ಗೊತ್ತುವಳಿಗೆ ನಿಮ್ಮ ಒಪ್ಪಿಗೆ ಇದೆಯೇ?"

ಗದ್ದಲ ಒಮ್ಮೆಲೇ ಅಡಗಿತು. ಬಕಾರಿ ಪರದೆಯನ್ನು ನೋಡುತ್ತಿರಲಿಲ್ಲ. ಲ್ಯಾಪ್‌ಟಾಪಿನ ಹಿಂದೆ ಮುಷ್ಟಿ ಬಿಗಿದು ನಿಂತ ಮಗನನ್ನು ನೋಡುತ್ತಿದ್ದರು. ಗ್ರೀಷ್ಮಾಳ ಅಂಗೈಯನ್ನು ಹೆಬ್ಬೆರಳು ಒತ್ತಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಇನ್ನೊಮ್ಮೆ ಒತ್ತಿತು.

ಮುದುಕರ ಕೈ ನಡುಗಿ ಹಾಗಾಯಿತೇನೋ ಎಂದು ಅವಳಿಗೆ ಅನ್ನಿಸಿತು. "ಇನ್ನೊಂದು ಸಲ ಕೇಳುತ್ತೀರಾ, ಮೇಡಂ?" ಎಂದಳು.

"ಮತ್ತೆ ಯಾಕೆ?" ಇದ್ರಿಸ್ ಕೂಗಿದ. "ಅವರು ಹೌದು ಅಂದರು! ನಾನೇ ನೋಡಿದೆ!"

"ಸಾಕ್ಷಿ ನೀವಲ್ಲ," ಎಂದಳು ಸಭಾಧ್ಯಕ್ಷೆ. ಮತ್ತೆ ಕೇಳಿದಳು, ಒಂದೊಂದೇ ಪದ ಬಿಡಿಸಿ.

ಈ ಸಲ ಉಗುರು ಚರ್ಮದೊಳಕ್ಕೆ ಇಳಿಯುವಂತೆ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು.

ಹಾಶಿಮನಿಗೆ ಅವಳ ಮುಖ ನೋಡಿಯೇ ತಿಳಿಯಿತು. ಅಲ್ಲಿದ್ದ ಬೇರೆ ಯಾರಿಗೂ ಅರ್ಥವಾಗದ ಕನ್ನಡದಲ್ಲಿ, ಪ್ರಾರ್ಥನೆ ಹೇಳುವವನ ಹಾಗೆ ಮೆಲ್ಲಗೆ ಅಂದ: "ಹೌದು ಅಂತ ಹೇಳಿಬಿಡಿ ಗ್ರೀಷ್ಮಾ. ಅವರ ಊರಿನ ವಿಷಯ ಅದು. ನಿಮ್ಮ ಫ್ಯಾಮಿಲಿ ವೀಸಾದ ಲೆಟರ್ ನನ್ನ ಟೇಬಲ್ ಮೇಲೆ ಉಂಟು. ಗಂಡ, ಮಗು ಬರುದು ಬೇಡ್ವಾ ನಿಮಗೆ?"

ಬೇಕಿತ್ತು. ದೋಹಾದ ಬಿನ್ ಮಹಮೂದಿನಲ್ಲಿ ಒಂದು ಸಣ್ಣ ಕೋಣೆಯನ್ನೂ ಅವಳು ನೋಡಿಟ್ಟಿದ್ದಳು. ಶಾಲೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮಗ ಕೃತಿಕ್ ದಿನಾ ಫೋನಿನಲ್ಲಿ ಕೇಳುತ್ತಿದ್ದ. ಒಂದೇ ಒಂದು ಪದ ಹೇಳಿದರೆ ಸಾಕು. ಹೇಳಿದ್ದು ಸುಳ್ಳೆಂದು ಜಗತ್ತಿನಲ್ಲಿ ತೋರಿಸಿಕೊಡಬಲ್ಲವರು ಒಬ್ಬರೇ, ಅವರಿಗೆ ಬಾಯಿ ಇಲ್ಲ. ಅವಳು ಆ ಮುಖವನ್ನು ನೋಡಿದಳು. ಮುದುಕರು ಈಗ ಮಗನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು, ತುಟಿಯ ಒಂದು ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು.

ಅವಳು ಟವೆಲ್ಲಿನ ತುದಿಯಿಂದ ಅದನ್ನು ಒರೆಸಿದಳು. "ಇಲ್ಲ," ಎಂದಳು ಪರದೆಯ ಕಡೆ ತಿರುಗಿ. ತನ್ನ ಧ್ವನಿ ತನಗೇ ದೊಡ್ಡದಾಗಿ ಕೇಳಿತು. "ಕೇಳಿದ ಎರಡು ಸಲವೂ ಅವರು ಇಲ್ಲ ಅಂತಲೇ ಹೇಳಿದ್ದಾರೆ."

ಆಮೇಲೆ ಪರದೆಯಲ್ಲಿ ಕಂಡದ್ದು ಎದ್ದು ನಿಂತ ಜನ, ಮೇಲಕ್ಕೆದ್ದ ಕೈಗಳು. ಯಾರೋ ಅಳುತ್ತಿದ್ದರು, ಯಾರೋ ಮೇಜು ಬಡಿಯುತ್ತಿದ್ದರು. ಗೊತ್ತುವಳಿ ಒಂದು ಮತದಿಂದ ಬಿದ್ದುಹೋಯಿತೆಂದು ಸಭಾಧ್ಯಕ್ಷೆ ಹೇಳಿದ್ದು ಅರ್ಧವಷ್ಟೇ ಕೇಳಿಸಿತು. ಇದ್ರಿಸ್ ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದ.

"ಯಾರು ನಿನ್ನನ್ನು ಕೊಂಡುಕೊಂಡವರು?"

"ಯಾರೂ ಇಲ್ಲ, ಸರ್. ಬೇಕಾದರೆ ನೀವೇ ಕೇಳಿ. ಇಕೊಳ್ಳಿ, ಅವರ ಕೈ."

ಅವನು ಆ ಕೈಯನ್ನು ನೋಡಿದ. ಮುಟ್ಟಲಿಲ್ಲ. "ನಾಳೆಯಿಂದ ಇವಳು ಬೇಡ," ಎಂದು ಹಾಶಿಮನಿಗೆ ಹೇಳಿ ಕಿಟಕಿಯ ಕಡೆ ತಿರುಗಿ ನಿಂತ.

ಹಾಶಿಮ್ ಹಣೆ ಒರೆಸಿಕೊಂಡ. ಅವನಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. "ಆ ಲೆಟರ್ ಇನ್ನು ಮಾಫಿ, ಸಿಗುದಿಲ್ಲ ಅಂತ ತಿಳ್ಕೊಳ್ಳಿ. ನನ್ನ ಕೈಯಲ್ಲಿ ಎಂತ ಉಂಟು ಹೇಳಿ?" ಎಂದವನು, ಕಾರು ತರುತ್ತೇನೆಂದು ಹೊರಗೆ ಹೋದ.

ಗ್ರೀಷ್ಮಾ ಚೀಲಕ್ಕೆ ಕೈಹಾಕಿದವಳು ಗಡಿಯಾರ ನೋಡಿದಳು. ಮುದುಕರ ಮಗ್ಗುಲು ಬದಲಾಯಿಸುವ ಹೊತ್ತಾಗಿತ್ತು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಚೀಲವನ್ನು ನೆಲಕ್ಕಿಟ್ಟಳು. ಅವರ ಭುಜದ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ತೂರಿಸಿ ಎಳೆದಳು. ದೊಡ್ಡ ಮೈ ಅರ್ಧ ಹೊರಳಿ ಅಲ್ಲೇ ನಿಂತಿತು.

ಹಾಸಿಗೆಯ ಆಚೆ ಬದಿಯಲ್ಲಿ ಎರಡು ಕೈ ಬಂದು ಭಾರ ಹೊತ್ತವು.

"ಇನ್ನೂ ಸ್ವಲ್ಪವೇ?" ಇದ್ರಿಸ್ ಕೇಳಿದ, ಅವಳ ಮುಖ ನೋಡದೆ.

"ಸಾಕು. ಹಾಗೇ ಹಿಡಿದುಕೊಳ್ಳಿ."

ಅವಳು ದಿಂಬು ತರಲು ತಿರುಗಿದಳು. ಇದ್ರಿಸ್ ಒಂದು ಕೈಯಿಂದ ತಂದೆಯನ್ನು ಎದೆಗೆ ಒರಗಿಸಿಕೊಂಡು, ಬೆವರಿಗೆ ಬೆನ್ನಿಗಂಟಿಕೊಂಡಿದ್ದ ಅವರ ಅಂಗಿಯ ಸುಕ್ಕುಗಳನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಬಿಡಿಸತೊಡಗಿದ್ದ.